ಸದಸ್ಯರನ್ನೊಳಗೊಂಡ ಸಮಿತಿ



ಹೋದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಈಗ ಅವನು ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಕಚೇರಿಯ ಕಡತಗಳು ಕನ್ನಡದಲ್ಲೇ ಓಡಾಡುತ್ತವೆ. ಆದರೆ ಅವತ್ತು ದೆಹಲಿಗೆ ಹೋಗಬೇಕಾದ ಪತ್ರವಿತ್ತು, ಅದು ಇಂಗ್ಲಿಷಿನಲ್ಲೇ ಆಗಬೇಕು.

“ಸಾರ್, ಊಟ ಆಯ್ತಾ? ಒಂದು ಸಣ್ಣ ಡೌಟಿತ್ತು. ‘ಎ ಕಮಿಟಿ ಕಂಪ್ರೈಸಿಂಗ್ ದ ಫಾಲೋಯಿಂಗ್ ಮೆಂಬರ್ಸ್’ ಅಂತ ಬರೆದಿದ್ದೆ. ಸಾಹೇಬ್ರು ‘ಕಂಪ್ರೈಸಿಂಗ್’ ಮುಂದೆ ಒಂದು ‘ಆಫ್’ ಸೇರಿಸಿ ಫೈಲು ವಾಪಸ್ ಕಳಿಸಿದ್ದಾರೆ. ಯಾವುದು ಸರಿ ಸಾರ್?”

“ನೀನು ಬರೆದದ್ದೇ ಸರಿಯಪ್ಪಾ” ಎಂದೆ.

“ಅದು ನಂಗೂ ಗೊತ್ತು ಸಾರ್. ಯಾಕೆ ಸರಿ ಅಂತ ಹೇಳೋಕೆ ಬರ್ತಿಲ್ಲ.”

ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವನಿಗೆ ಆ ಮಾತು ನಾಟಿತು. ‘ಕಂಪ್ರೈಸ್’ ಆದ ಮೇಲೆ ‘ಆಫ್’ ಬರಬಾರದು ಎಂದು ನಾನು ಕರಿಹಲಗೆಯ ಮೇಲೆ ಬರೆದಿದ್ದೆ, ಅವನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದ. ಯಾಕೆ ಬರಬಾರದು ಎಂದು ನಾನು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಕಾರಣವಿಲ್ಲದ ನಿಯಮ ಮೇಲಧಿಕಾರಿಯ ಒಂದು ಗೆರೆಯ ಮುಂದೆ ನಿಲ್ಲುವುದಿಲ್ಲ. ಆ ಸಂಜೆ ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಇರುವುದು ಒಂದೇ ಒಂದು ಕ್ರಿಯಾಪದ. ಪತ್ರದಲ್ಲಿ, ವರದಿಯಲ್ಲಿ, ಕಾನೂನಿನಲ್ಲಿ ಬರುತ್ತದೆಯೇ ಹೊರತು ಮಾತಿನಲ್ಲಿ ಹೆಚ್ಚಾಗಿ ಬರುವುದಿಲ್ಲ. ಬರಹದ ಪದವಾದ್ದರಿಂದಲೇ ಅದನ್ನು ಕಿವಿಯಿಂದ ಕಲಿಯುವ ಅವಕಾಶ ನಮಗೆ ಸಿಗುವುದಿಲ್ಲ, ತಪ್ಪೂ ಹಾಗೆಯೇ ಉಳಿದುಬಿಡುತ್ತದೆ.

ಅವನಿಗೆ ನಾನು ಮೊದಲು ಕೇಳಿದ್ದು ಇಷ್ಟು: “ಇದೇ ಆದೇಶ ಕನ್ನಡದಲ್ಲಿ ಹೊರಟಿದ್ದರೆ ಹೇಗೆ ಬರೀತಿದ್ದೆ?”

ಅವನು ತಡಮಾಡಲಿಲ್ಲ. “ಕೆಳಕಂಡ ಸದಸ್ಯರನ್ನೊಳಗೊಂಡ ಸಮಿತಿಯನ್ನು ರಚಿಸಿ ಆದೇಶಿಸಿದೆ.”

“ಸರಿ. ಈಗ ‘ಸದಸ್ಯರಿಂದ ಒಳಗೊಂಡ ಸಮಿತಿ’ ಅಂತ ಬರೆದ್ರೆ?”

“ಅದು ಕನ್ನಡವೇ ಅಲ್ಲ ಸಾರ್.”

“ನಿಮ್ಮ ಸಾಹೇಬರು ಸೇರಿಸಿದ ‘ಆಫ್’ ಇದೆಯಲ್ಲ, ಅದು ಆ ‘ಇಂದ’.”

ಆ ಕಡೆ ಅರೆಕ್ಷಣ ಮೌನ. ಆಮೇಲೆ “ಹೌದಲ್ಲಾ ಸಾರ್” ಎಂದ. ಆ ‘ಹೌದಲ್ಲಾ’ ತರಗತಿಯಲ್ಲಿ ಯಾವತ್ತೂ ಬಂದಿರಲಿಲ್ಲ.

ಕೇಳುಗರೇ, ಇಂಗ್ಲಿಷ್ ಕಲಿಯುವಾಗ ಕನ್ನಡವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು ಎಂಬ ನಂಬಿಕೆ ನಮ್ಮಲ್ಲಿ ಬಹಳ ಕಾಲದಿಂದ ಇದೆ. ನಾನೂ ಅದನ್ನು ನಂಬಿದ್ದೆ. ಈ ಕ್ರಿಯಾಪದದ ವಿಷಯದಲ್ಲಿ ಆ ನಂಬಿಕೆ ಪೂರ್ತಿ ತಪ್ಪು. ನಮ್ಮ ‘ಒಳಗೊಳ್ಳು’ ಮತ್ತು ಇಂಗ್ಲಿಷಿನ ‘ಕಂಪ್ರೈಸ್’ ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ. ನಡೆಯುವುದಷ್ಟೇ ಅಲ್ಲ, ಹುಟ್ಟಿದ್ದೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ.

ಒಳ ಎಂಬುದಕ್ಕೆ ಕೊಳ್ಳು ಸೇರಿದರೆ ಒಳಗೊಳ್ಳು. ಮಳೆಗೆ ಕಾಲ ಸೇರಿ ಮಳೆಗಾಲ ಆದ ಹಾಗೆ ಇಲ್ಲಿಯೂ ಕಕಾರ ಗಕಾರವಾಯಿತು. ನಾವೆಲ್ಲ ಶಾಲೆಯಲ್ಲಿ ಕಲಿತ ಆದೇಶಸಂಧಿ. ಕೊಳ್ಳು ಎಂದರೆ ಇವತ್ತು ಅಂಗಡಿಯಲ್ಲಿ ದುಡ್ಡು ಕೊಟ್ಟು ಪಡೆಯುವುದು. ಹಳಗನ್ನಡದಲ್ಲಿ ಅದರ ಅರ್ಥ ಇನ್ನೂ ಅಗಲ: ತೆಗೆದುಕೋ, ಹಿಡಿ, ವಶಮಾಡಿಕೋ. ಹಾಗಾದರೆ ಒಳಗೊಳ್ಳು ಎಂದರೆ ಒಳಕ್ಕೆ ತೆಗೆದುಕೊಂಡು ಹಿಡಿದಿಟ್ಟುಕೊಳ್ಳುವುದು. ಈಗ ಇಂಗ್ಲಿಷಿನ ಪದ ನೋಡಿ. ಅದು ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ‘ಪ್ರೆಹೆಂಡೆರೆ’ ಎಂದರೆ ಹಿಡಿಯುವುದು, ‘ಕಾಂ’ ಎಂದರೆ ಒಟ್ಟಿಗೆ. ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡದ್ದು ‘ಕಂಪ್ರೈಸ್’. ‘ಸರ್‌ಪ್ರೈಸ್’, ‘ಎಂಟರ್‌ಪ್ರೈಸ್’ ಎಂಬ ಪದಗಳಲ್ಲಿರುವ ‘ಪ್ರೈಸ್’ ಕೂಡ ಇದೇ ಹಿಡಿತ. ಅರ್ಥಮಾಡಿಕೊಳ್ಳುವುದಕ್ಕೆ ಹೇಳುವ ‘ಕಾಂಪ್ರಹೆಂಡ್’ ಇದರ ಒಡಹುಟ್ಟು. ನಾವು ‘ಗ್ರಹಿಸು’ ಎನ್ನುತ್ತೇವಲ್ಲ, ಅಲ್ಲಿಯೂ ಸಂಸ್ಕೃತದ ಹಿಡಿಯುವ ಧಾತುವೇ ಕೂತಿದೆ. ಮಾತನ್ನು ಮನಸ್ಸು ಹಿಡಿದುಕೊಂಡರೆ ಅದೇ ತಿಳಿವಳಿಕೆ ಎಂದು ಎಷ್ಟು ದೂರದೂರದ ಜನ ಒಂದೇ ರೀತಿ ಯೋಚಿಸಿದ್ದಾರೆ ನೋಡಿ! ಇದು ವಿಷಯಾಂತರ, ಆದರೂ ಹೇಳದೆ ಇರಲಾರೆ.

ಹಿಡಿಯುವ ಕ್ರಿಯೆಗೆ ಹಿಡಿಯುವವನು ಒಬ್ಬ ಬೇಕು, ಹಿಡಿಸಿಕೊಳ್ಳುವ ವಸ್ತು ಒಂದು ಬೇಕು. ಮುಷ್ಟಿ ಬೆರಳುಗಳಿಗಿಂತ ದೊಡ್ಡದು. ಅದೇ ರೀತಿ ಈ ಕ್ರಿಯಾಪದದ ಕರ್ತೃ ಯಾವಾಗಲೂ ಇಡಿಯಾದದ್ದು, ಕರ್ಮ ಯಾವಾಗಲೂ ಬಿಡಿಬಿಡಿಯಾದದ್ದು. ಸಮಿತಿ ಸದಸ್ಯರನ್ನು ಒಳಗೊಂಡಿರುತ್ತದೆ, ಸದಸ್ಯರು ಸಮಿತಿಯನ್ನು ಒಳಗೊಂಡಿರುವುದಿಲ್ಲ. ‘ದ ಕಮಿಟಿ ಕಂಪ್ರೈಸಸ್ ಫೈವ್ ಮೆಂಬರ್ಸ್’ ಸರಿ. ‘ಫೈವ್ ಮೆಂಬರ್ಸ್ ಕಂಪ್ರೈಸ್ ದ ಕಮಿಟಿ’ ಎಂದರೆ ಹಿಡಿಕೆಯೇ ತಿರುಗಿತು, ಬೆರಳು ಮುಷ್ಟಿಯನ್ನು ಹಿಡಿಯಹೊರಟಿತು. ಬಿಡಿಗಳನ್ನೇ ಕರ್ತೃವಾಗಿ ಮುಂದೆ ನಿಲ್ಲಿಸಬೇಕೆಂದಿದ್ದರೆ ಇಂಗ್ಲಿಷಿನಲ್ಲಿ ಬೇರೆ ಪದಗಳಿವೆ. ‘ಕಾನ್‌ಸ್ಟಿಟ್ಯೂಟ್’ ಇದೆ, ಸರಳವಾಗಿ ‘ಮೇಕ್ ಅಪ್’ ಇದೆ. ಐವರು ಸೇರಿ ಸಮಿತಿ ಆಗಿದ್ದಾರೆ ಎಂದು ನಾವು ಹೇಳುವ ಜಾಗ ಅದು. ‘ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು’ ಎನ್ನುವ ಕಡೆ ಇಂಗ್ಲಿಷ್ ವರದಿಗಳು ‘ಗರ್ಲ್ಸ್ ಕಂಪ್ರೈಸ್ ಹಾಫ್’ ಎಂದು ಬರೆಯುವುದನ್ನು ದಿನಾ ನೋಡುತ್ತೇನೆ. ಅಲ್ಲಿ ಬೇಕಾದದ್ದು ‘ಕಾನ್‌ಸ್ಟಿಟ್ಯೂಟ್’.

ನನ್ನ ವಿದ್ಯಾರ್ಥಿಯ ಸಾಹೇಬರಿಗೆ ಆ ‘ಆಫ್’ ಎಲ್ಲಿಂದ ಬಂತು? ಅವರನ್ನು ದೂರಲಾರೆ. ನಮ್ಮಲ್ಲಿ ಇನ್ನೊಂದು ವಾಕ್ಯರೀತಿಯೂ ಇದೆಯಲ್ಲ: ‘ಈ ಮನೆ ಆರು ಕೋಣೆಗಳಿಂದ ಕೂಡಿದೆ.’ ಇಲ್ಲಿ ‘ಇಂದ’ ಬಂತು. ಇದಕ್ಕೆ ಸರಿಯಾಗಿ ಇಂಗ್ಲಿಷಿನಲ್ಲಿ ‘ಈಸ್ ಕಂಪೋಸ್ಡ್ ಆಫ್’ ಇದೆ, ‘ಈಸ್ ಮೇಡ್ ಅಪ್ ಆಫ್’ ಇದೆ, ‘ಕನ್ಸಿಸ್ಟ್ಸ್ ಆಫ್’ ಇದೆ. ಮೂರರಲ್ಲಿಯೂ ‘ಆಫ್’ ಇದೆ. ಪಕ್ಕದ ಮೂರು ಮನೆಗಳಿಗೂ ಜಗಲಿ ಇರುವಾಗ ನಾಲ್ಕನೆಯ ಮನೆಗೂ ಇದ್ದೀತು ಎಂದು ಕೈ ತಾನಾಗಿ ಬರೆದುಬಿಡುತ್ತದೆ. ‘ಕಂಪೋಸ್’ ಮತ್ತು ‘ಕಂಪ್ರೈಸ್’ ಎಂಬ ಎರಡು ಪದಗಳ ಸದ್ದೂ ಹತ್ತಿರ. ಹಾಗೆ ಎರಡು ಸರಿಯಾದ ವಾಕ್ಯಗಳು ಬೆರೆತು ಒಂದು ತಪ್ಪು ವಾಕ್ಯ ಹುಟ್ಟಿತು.

ಅದಕ್ಕೇ ನಾನು ವಿಭಕ್ತಿಯನ್ನು ಹಿಡಿದುಕೊಳ್ಳಿ ಎನ್ನುತ್ತೇನೆ. ಇಂಗ್ಲಿಷ್ ವಾಕ್ಯ ಬರೆಯುವ ಮೊದಲು ಅದನ್ನು ಕನ್ನಡದಲ್ಲಿ ಒಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳಿ. ನಿಮ್ಮ ಬಾಯಿಗೆ ದ್ವಿತೀಯೆ ಬಂದರೆ, ಅಂದರೆ ‘ಅನ್ನು’ ಬಂದರೆ, ‘ಕಂಪ್ರೈಸ್’. ಅದರ ಮುಂದೆ ಏನೂ ಬೇಡ, ನೇರವಾಗಿ ಪಟ್ಟಿ. ತೃತೀಯೆ ಬಂದರೆ, ಅಂದರೆ ‘ಇಂದ’ ಬಂದರೆ, ‘ಕಂಪೋಸ್ಡ್ ಆಫ್’ ಅಥವಾ ‘ಕನ್ಸಿಸ್ಟ್ಸ್ ಆಫ್’. ಸಪ್ತಮಿ ಬಂದರೂ ಒಂದು ದಾರಿ ಇದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಮನೆಯ ಪತ್ರದ ಪೆಟ್ಟಿಗೆಯಿಂದ.

ನಮ್ಮ ತಂದೆಯ ಕಾಲದ ಒಂದು ಇಂಗ್ಲಿಷ್ ಕ್ರಯಪತ್ರ ಆ ಪೆಟ್ಟಿಗೆಯಲ್ಲಿದೆ. ಇಂಥ ಸರ್ವೆ ನಂಬರಿನಲ್ಲಿ ಅಡಕವಾಗಿರುವ ಇಷ್ಟು ಎಕರೆ ಇಷ್ಟು ಗುಂಟೆ ಜಮೀನು, ಅದರ ಚಕ್ಕುಬಂದಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಎಂದು ವಿವರ ಬರುತ್ತದೆ. ‘ಅಡಕವಾಗಿರುವ’ ಎನ್ನುವ ಕಡೆ ಇಂಗ್ಲಿಷಿನಲ್ಲಿ ‘ಕಂಪ್ರೈಸ್ಡ್ ಇನ್’ ಎಂದಿದೆ. ಕಾಲೇಜಿಗೆ ಹೋಗುತ್ತಿದ್ದ ನಾನು ಅದನ್ನು ನೋಡಿ, ‘ಕಂಪ್ರೈಸ್ಡ್’ ಎನ್ನುವುದೇ ತಪ್ಪಲ್ಲವೇ, ಪತ್ರ ಬರೆದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ ಎಂದುಕೊಂಡಿದ್ದೆ. ಪತ್ರ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಸರ್ವೆ ನಂಬರು ಇಡಿ, ಜಮೀನು ಅದರೊಳಗಿನ ಬಿಡಿ. ಬಿಡಿಯನ್ನು ಮುಂದೆ ತಂದು, ಅದು ಇಡಿಯಲ್ಲಿ ಅಡಗಿದೆ ಎಂದು ಹೇಳುವಾಗ ‘ಕಂಪ್ರೈಸ್ಡ್ ಇನ್’ ಸಂಪೂರ್ಣ ಸರಿ. ‘ಅಲ್ಲಿ’ ಬಂತು, ‘ಇನ್’ ಬಂತು. ಭೂಮಿಯ ಕಾನೂನುಗಳಲ್ಲಿ, ಕ್ರಯಪತ್ರಗಳಲ್ಲಿ ಇವತ್ತಿಗೂ ಈ ಪ್ರಯೋಗ ಜೀವಂತವಾಗಿದೆ. ವಕೀಲರ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗರು ಯಾರಾದರೂ ಕೇಳುತ್ತಿದ್ದರೆ, ಆ ‘ಇನ್’ ಅನ್ನು ತಪ್ಪೆಂದು ತಿದ್ದಬೇಡಿ.

ಒಂದು ‘ಆಫ್’ ಇದ್ದರೇನು, ಇಲ್ಲದಿದ್ದರೇನು, ಅರ್ಥವಾದರೆ ಸಾಲದೇ ಎಂದು ನೀವು ಕೇಳಬಹುದು. ಅರ್ಥ ಆಗುತ್ತದೆ, ಒಪ್ಪಿದೆ. ಆದರೆ ಈ ಕ್ರಿಯಾಪದಕ್ಕೆ ವ್ಯಾಕರಣದಾಚೆಗೂ ಒಂದು ಕೆಲಸವಿದೆ. ಅದು ಪಟ್ಟಿಯ ಬಾಗಿಲನ್ನು ಹಾಕುತ್ತದೆ.

‘ಇನ್‌ಕ್ಲೂಡ್’ ಎಂದರೆ ಬಾಗಿಲು ತೆರೆದಿದೆ. ನಾವು ‘ಮುಂತಾದ’, ‘ಮೊದಲಾದ’ ಎಂದು ಹೇಳುವ ಜಾಗ. ಹೆಸರಿಸಿದವರ ಜೊತೆ ಹೆಸರಿಸದವರೂ ಇರಬಹುದು. ‘ಕಂಪ್ರೈಸ್’ ಎಂದರೆ ಹೆಸರಿಸಿದವರಷ್ಟೇ, ಅಲ್ಲಿಗೆ ಮುಗಿಯಿತು. ಅದಕ್ಕೇ ‘ಕಂಪ್ರೈಸ್’ ಇರುವ ವಾಕ್ಯದ ಕೊನೆಗೆ ‘ಎಟ್‌ಸೆಟರಾ’ ಹಾಕುವುದು ಬಾಗಿಲು ಹಾಕಿ ಕಿಟಕಿಯಿಂದ ಕರೆದ ಹಾಗೆ. ಕಲ್ಯಾಣ ಕರ್ನಾಟಕವನ್ನೇ ತೆಗೆದುಕೊಳ್ಳಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಒಟ್ಟು ಏಳು ಜಿಲ್ಲೆ. ಆ ಭಾಗದ ಪರಿಚಯ ಬರೆಯುವಾಗ ‘ಇನ್‌ಕ್ಲೂಡ್ಸ್’ ಎಂದು ಹೇಳಿ ಮೂರೇ ಜಿಲ್ಲೆಯ ಹೆಸರು ಬರೆದರೂ ಸುಳ್ಳಾಗುವುದಿಲ್ಲ. ‘ಕಂಪ್ರೈಸಸ್’ ಎಂದು ಹೇಳಿ ಆರು ಬರೆದರೆ ಒಂದು ಜಿಲ್ಲೆಯನ್ನು ಹೊರಗಿಟ್ಟ ಹಾಗೆ. ಸಂವಿಧಾನದ 371-ಜೆ ವಿಧಿಯಡಿ ಆ ಭಾಗದವರಿಗಿರುವ ಮೀಸಲಾತಿಯನ್ನು ನಂಬಿ ಅರ್ಜಿ ಹಾಕುವ ವಿಜಯನಗರದ ಹುಡುಗಿಗೆ ಆ ವ್ಯತ್ಯಾಸ ಸಣ್ಣದಲ್ಲ.

ಈ ಪದದ ತೂಕ ನೋಡಬೇಕೆನ್ನುವವರು ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯವನ್ನು ಒಮ್ಮೆ ಭಾಷೆಗಾಗಿಯೇ ಓದಬೇಕು. ನಾನು ಓದಿದ್ದು ತಡವಾಗಿ, ನಿವೃತ್ತಿಯಾದ ಮೇಲೆ. ಅದರ ಮೊದಲ ಕರಡನ್ನು 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿದವರು ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾವ್. ಆಮೇಲೆ ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ, ಅದಾದ ಮೇಲೆ ಇಡೀ ಸಂವಿಧಾನ ಸಭೆ ಅದರ ಪದಪದವನ್ನೂ ಉಜ್ಜಿ ನೋಡಿ 1949ರ ನವೆಂಬರ್ 26ರಂದು ಅಂಗೀಕರಿಸಿತು. ಇವತ್ತು ನಾನು ಹೇಳುತ್ತಿರುವ ಈ ಒಂದೇ ಕುಟುಂಬದ ನಾಲ್ಕು ಕ್ರಿಯಾಪದಗಳೂ ಅದರಲ್ಲಿವೆ. ನಾಲ್ಕಕ್ಕೂ ಬೇರೆ ಬೇರೆ ಜಾಗ, ಒಂದು ಇನ್ನೊಂದರ ಜಾಗಕ್ಕೆ ಬರುವುದಿಲ್ಲ.

ಪ್ರಸ್ತಾವನೆಯಲ್ಲಿ ‘ಕಾನ್‌ಸ್ಟಿಟ್ಯೂಟ್’. ಭಾರತದ ಜನರಾದ ನಾವು ಈ ದೇಶವನ್ನು ಗಣರಾಜ್ಯವಾಗಿ ಕಟ್ಟುತ್ತೇವೆ, ರೂಪಿಸುತ್ತೇವೆ ಎನ್ನುವಲ್ಲಿ ಆ ಪದ ಬಂದಿದೆ. ಕಟ್ಟುವವರು ಜನ, ಕರ್ತೃಸ್ಥಾನದಲ್ಲಿ ಅವರೇ ನಿಂತಿದ್ದಾರೆ. ಮೊದಲ ವಿಧಿಯ ಮೂರನೆಯ ಖಂಡಕ್ಕೆ ಬಂದರೆ ‘ಕಂಪ್ರೈಸ್’. ಭಾರತದ ಭೂಪ್ರದೇಶವು ಏನೇನನ್ನು ಒಳಗೊಂಡಿರತಕ್ಕದ್ದು ಎಂದು ಅಲ್ಲಿ ಹೇಳಿದೆ: ರಾಜ್ಯಗಳ ಪ್ರದೇಶ, ಕೇಂದ್ರಾಡಳಿತ ಪ್ರದೇಶ, ಮುಂದೆ ಭಾರತ ಪಡೆಯಬಹುದಾದ ಇತರ ಪ್ರದೇಶ. ಇಡಿ ಕರ್ತೃ, ಬಿಡಿಗಳು ಕರ್ಮ, ನಡುವೆ ‘ಆಫ್’ ಇಲ್ಲ. ಮೂರನೆಯ ಅಂಶವನ್ನು ಗಮನಿಸಿ. ಮುಂದೆ ಸೇರಬಹುದಾದ ನೆಲಕ್ಕೂ ಒಂದು ಸಾಲನ್ನು ಬೇರೆಯಾಗಿ ಬರೆದಿಟ್ಟರು. ಯಾಕೆಂದರೆ ಆರಿಸಿಕೊಂಡ ಕ್ರಿಯಾಪದ ಬಾಗಿಲು ಹಾಕುವಂಥದ್ದು, ಬರೆಯದೇ ಇದ್ದದ್ದು ಒಳಗೆ ಬರುವುದಿಲ್ಲ. 1961ರ ಡಿಸೆಂಬರಿನಲ್ಲಿ ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಗಿ ಬಂದಾಗ ಆ ಸಾಲು ಅದಕ್ಕಾಗಿ ಕಾದಿತ್ತು.

ಹನ್ನೆರಡನೆಯ ವಿಧಿಗೆ ಬಂದರೆ ಪದ ಬದಲಾಗುತ್ತದೆ. ಮೂಲಭೂತ ಹಕ್ಕುಗಳ ಭಾಗದಲ್ಲಿ ‘ರಾಜ್ಯ’ ಎಂದರೆ ಯಾರು ಎಂದು ಹೇಳುವಾಗ ‘ಇನ್‌ಕ್ಲೂಡ್ಸ್’ ಎಂದಿದ್ದಾರೆ. ಸರ್ಕಾರಗಳು, ಶಾಸನಸಭೆಗಳು, ಸ್ಥಳೀಯ ಸಂಸ್ಥೆಗಳು ಮತ್ತು ಇತರ ಪ್ರಾಧಿಕಾರಗಳು. ಇಲ್ಲಿ ಬಾಗಿಲು ತೆರೆದಿತ್ತು. 1967ರಲ್ಲಿ ರಾಜಸ್ಥಾನದ ವಿದ್ಯುತ್ ಮಂಡಳಿಯೂ ‘ಇತರ ಪ್ರಾಧಿಕಾರಗಳು’ ಎಂಬ ಮಾತಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಾಮಾನ್ಯ ಮನುಷ್ಯ ತನ್ನ ಹಕ್ಕನ್ನು ಕೇಳಬಹುದಾದ ಜಾಗಗಳು ಆಮೇಲೆ ಹಿಗ್ಗುತ್ತಾ ಹೋದವು. ನೆಲದ ಮಾತು ಬಂದಾಗ ಬಾಗಿಲು ಹಾಕಿದರು, ಹಕ್ಕಿನ ಮಾತು ಬಂದಾಗ ತೆರೆದಿಟ್ಟರು. ಎಂಥ ಎಚ್ಚರದ ಬರವಣಿಗೆ! ಸಂಸತ್ತಿನ ರಚನೆ ಹೇಳುವ 79ನೆಯ ವಿಧಿಯಲ್ಲಿ, ರಾಜ್ಯಗಳ ವಿಧಾನಮಂಡಲದ ರಚನೆ ಹೇಳುವ 168ನೆಯ ವಿಧಿಯಲ್ಲಿ ‘ಕನ್ಸಿಸ್ಟ್ ಆಫ್’ ಎಂದು ಬಳಸಿದ್ದಾರೆ, ಅಲ್ಲಿ ‘ಆಫ್’ ತಪ್ಪದೆ ಬಂದಿದೆ. ನಮ್ಮ ವಿಧಾನಮಂಡಲ ರಾಜ್ಯಪಾಲರು ಮತ್ತು ಎರಡು ಸದನಗಳಿಂದ ಕೂಡಿದ್ದು. ‘ಇಂದ’ ಬಂತು, ‘ಆಫ್’ ಬಂತು.

ಸಂವಿಧಾನ ದೆಹಲಿಯಲ್ಲಿ ಬರೆದದ್ದು, ನಮ್ಮ ಮನೆಗೆ ದೂರ ಎನಿಸಬಹುದು. ಮನೆಯ ಹತ್ತಿರದ ಮಾತನ್ನೇ ಹೇಳುತ್ತೇನೆ. ಕನ್ನಡನಾಡು ಒಂದಾದದ್ದು 1956ರ ನವೆಂಬರ್ 1ರಂದು ಎಂದು ಪ್ರತಿಯೊಂದು ಮಗುವಿಗೂ ಗೊತ್ತು. ಅದನ್ನು ಒಂದು ಮಾಡಿದ್ದು ಆ ವರ್ಷದ ರಾಜ್ಯ ಪುನರ್ವಿಂಗಡಣಾ ಕಾಯ್ದೆ. ಅದರ ಏಳನೆಯ ಪ್ರಕರಣ ಹೊಸ ಮೈಸೂರು ರಾಜ್ಯ ಹುಟ್ಟುವುದನ್ನು ಹೇಳುತ್ತದೆ. ಆ ಪ್ರಕರಣದಲ್ಲಿ ನಮ್ಮ ನಾಡನ್ನೆಲ್ಲ ಹಿಡಿದಿಟ್ಟ ಪದ ಯಾವುದು ಗೊತ್ತೇ? ‘ಕಂಪ್ರೈಸಿಂಗ್’. ‘ಕಂಪ್ರೈಸಿಂಗ್ ದ ಫಾಲೋಯಿಂಗ್ ಟೆರಿಟರೀಸ್’ ಎಂದಿದೆ, ನನ್ನ ವಿದ್ಯಾರ್ಥಿ ಬರೆದ ವಾಕ್ಯದ ಅದೇ ಅಚ್ಚು. ‘ಆಫ್’ ಇಲ್ಲ.

ಅದರ ಮುಂದೆ ಪಟ್ಟಿ. ಆಗ ಇದ್ದ ಮೈಸೂರು ರಾಜ್ಯ. ಬೊಂಬಾಯಿ ರಾಜ್ಯದಿಂದ ಬೆಳಗಾವಿ, ಬಿಜಾಪುರ, ಧಾರವಾಡ, ಕೆನರಾ ಜಿಲ್ಲೆಗಳು. ಹೈದರಾಬಾದಿನಿಂದ ಗುಲ್ಬರ್ಗಾ, ರಾಯಚೂರು, ಬೀದರ್. ಮದರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ತಾಲ್ಲೂಕು. ಕೊನೆಗೆ ಕೊಡಗು. ಓದುತ್ತಾ ಹೋದರೆ ಮೈ ಜುಮ್ಮೆನ್ನುತ್ತದೆ. ನಾಲ್ಕು ದಿಕ್ಕಿಗೆ ಚದುರಿ, ಐದು ಸರ್ಕಾರಗಳ ಕೈಕೆಳಗೆ ಬೇರೆ ಬೇರೆ ಭಾಷೆಯ ಅರ್ಜಿ ಬರೆಯುತ್ತಿದ್ದ ಜನ ಒಂದು ಕ್ರಿಯಾಪದದ ಕರ್ಮಸ್ಥಾನದಲ್ಲಿ ಸಾಲಾಗಿ ನಿಂತಿದ್ದಾರೆ.

ಆದರೆ ಆ ಪಟ್ಟಿಯ ನಡುನಡುವೆ ಇನ್ನೊಂದು ಪದವೂ ಇದೆ: ‘ಎಕ್ಸೆಪ್ಟ್’, ಅಂದರೆ ಹೊರತುಪಡಿಸಿ. ಚಂದಗಡ ಹೊರತುಪಡಿಸಿ ಬೆಳಗಾವಿ. ಕೊಡಂಗಲ್, ತಾಂಡೂರು ಹೊರತುಪಡಿಸಿ ಗುಲ್ಬರ್ಗಾ. ಆಲಂಪುರ, ಗದ್ವಾಲ್ ಹೊರತುಪಡಿಸಿ ರಾಯಚೂರು. ದಕ್ಷಿಣ ಕನ್ನಡಕ್ಕೆ ಬಂದಾಗ ಕಾಸರಗೋಡು ತಾಲ್ಲೂಕು ಹೊರತುಪಡಿಸಿ. ಕೇರಳ ರಾಜ್ಯದ ರಚನೆ ಹೇಳುವ ಪ್ರಕರಣದಲ್ಲಿ ಕಾಸರಗೋಡು ಆ ಕಡೆಯ ಪಟ್ಟಿಗೆ ಸೇರಿತು. 1967ರಲ್ಲಿ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿದರೂ ಕಾಯ್ದೆಯ ಪಟ್ಟಿ ಬದಲಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ಅವರು ನೂರು ವರ್ಷ ಬಾಳಿದರು, ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ದುಡಿದರು, ಆ ಆಸೆ ಕೈಗೂಡುವ ಮುನ್ನವೇ 2015ರಲ್ಲಿ ತೀರಿಕೊಂಡರು. ಅಲ್ಲಿ ಈಗಲೂ ಕನ್ನಡ ಶಾಲೆಗಳಿವೆ, ಕನ್ನಡದ ಮನೆಗಳಿವೆ. ಕ್ರಿಯಾಪದ ಎಂಬುದು ಬರೀ ಪರೀಕ್ಷೆಯ ಒಂದು ಅಂಕದ ಪ್ರಶ್ನೆ ಎಂದುಕೊಂಡಿದ್ದ ನನಗೆ, ಆ ಏಳನೆಯ ಪ್ರಕರಣವನ್ನು ಓದಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಒಳಗೊಂಡದ್ದು ಯಾವುದು, ಒಳಗೊಳ್ಳದ್ದು ಯಾವುದು ಎಂಬ ಗೆರೆಯ ಆಚೀಚೆ ಜನ ಬದುಕುತ್ತಾರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ‘ಈಸ್ ಕಂಪ್ರೈಸ್ಡ್ ಆಫ್’ ಎಂಬುದನ್ನು ನಮ್ಮವರು ಮಾತ್ರ ಬರೆಯುವುದಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರು ಹದಿನೆಂಟನೆಯ ಶತಮಾನದಿಂದಲೂ ಅದನ್ನು ಬರೆದಿದ್ದಾರೆ, ಇವತ್ತೂ ಬರೆಯುತ್ತಾರೆ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಬಿಡಿಗಳನ್ನು ಕರ್ತೃವಾಗಿ ಮಾಡುವ ಆ ತಿರುವುಮುರುವಾದ ಅರ್ಥವನ್ನೂ ದಾಖಲಿಸಿದೆ. ದಾಖಲಿಸಿ, ಹಾಗೆ ಬರೆದರೆ ಟೀಕೆ ಕೇಳಬೇಕಾದೀತು ಎಂಬ ಎಚ್ಚರಿಕೆಯನ್ನೂ ಜೊತೆಗೆ ಇಟ್ಟಿದೆ. ವಿಕಿಪೀಡಿಯ ಎಂಬ ವಿಶ್ವಕೋಶದಲ್ಲಿ ಈ ಒಂದು ಪ್ರಯೋಗವನ್ನೇ ಹುಡುಕಿ ಹುಡುಕಿ ತಿದ್ದಿದ ಅಮೆರಿಕದ ಒಬ್ಬ ಸ್ವಯಂಸೇವಕರ ಸುದ್ದಿ 2015ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅಷ್ಟು ಹೊತ್ತಿಗೆ ಅವರು ಸುಮಾರು 47 ಸಾವಿರ ಸಲ ತಿದ್ದಿದ್ದರು. ಅವರ ಶ್ರದ್ಧೆಗೆ ನನ್ನ ನಮಸ್ಕಾರ. ಭಾಷೆ ಬದಲಾಗುತ್ತದೆ, ಬದಲಾಗಲಿ. ಇನ್ನು ನೂರು ವರ್ಷಕ್ಕೆ ‘ಕಂಪ್ರೈಸ್ಡ್ ಆಫ್’ ಯಾರಿಗೂ ಚುಚ್ಚದೇ ಹೋಗಬಹುದು. ಆದರೆ ಇವತ್ತು ನಮ್ಮ ಮಕ್ಕಳು ಕೆಲಸಕ್ಕೆ ಅರ್ಜಿ ಬರೆಯುತ್ತಾರೆ, ಸಂಶೋಧನಾ ಪ್ರಬಂಧ ಬರೆಯುತ್ತಾರೆ, ಅದನ್ನು ಓದುವ ಪರೀಕ್ಷಕರಿಗೆ ಅದು ಚುಚ್ಚುತ್ತದೆ. ಚುಚ್ಚದ ದಾರಿ ಇಷ್ಟು ಸುಲಭವಾಗಿ, ಅದೂ ನಮ್ಮ ಮಾತಿನಲ್ಲೇ ಇರುವಾಗ ಅದನ್ನು ಬಿಡುವುದೇಕೆ?

‘ಈಸ್ ಕಂಪ್ರೈಸ್ಡ್ ಆಫ್’ ಎಂಬುದನ್ನು ಕನ್ನಡಕ್ಕೆ ತಂದು ನೋಡಿ: ‘ಸಮಿತಿಯು ಐವರಿಂದ ಒಳಗೊಳ್ಳಲ್ಪಟ್ಟಿದೆ.’ ಕನ್ನಡಕ್ಕೆ ಮೊದಲೇ ಈ ‘ಪಟ್ಟಿದೆ’ಗಳು ಅಷ್ಟಾಗಿ ಒಗ್ಗುವುದಿಲ್ಲ. ಕಿವಿ ತಾನಾಗಿಯೇ ಬೇಡ ಎನ್ನುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಇನ್ನೆರಡು ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ‘ದ ಕಮಿಟಿ ಈಸ್ ಕಂಪ್ರೈಸಿಂಗ್ ಫೈವ್ ಮೆಂಬರ್ಸ್’ ಎಂದು ಬರೆಯಬಾರದು. ಒಳಗೊಂಡಿರುವುದು ಒಂದು ಸ್ಥಿತಿ, ನಡೆಯುತ್ತಿರುವ ಕೆಲಸವಲ್ಲ. ‘ಸಮಿತಿ ಐವರನ್ನು ಒಳಗೊಳ್ಳುತ್ತಾ ಇದೆ’ ಎಂದು ಯಾರು ಹೇಳುತ್ತಾರೆ? ‘ಕಂಪ್ರೈಸಿಂಗ್’ ಎಂಬ ರೂಪ ನಾಮಪದದ ಪಕ್ಕದಲ್ಲಿ, ‘ಒಳಗೊಂಡ’ ಎನ್ನುವ ಜಾಗದಲ್ಲಿ ಬರಬಹುದು. ‘ಈಸ್’ ಜೊತೆ ಸೇರಿ ವಾಕ್ಯದ ಕ್ರಿಯಾಪದವಾಗಲಾರದು. ಇನ್ನೊಂದು, ‘ಈಸ್ ಕನ್ಸಿಸ್ಟೆಡ್ ಆಫ್’ ಎಂಬುದು ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ‘ಕನ್ಸಿಸ್ಟ್ಸ್ ಆಫ್’ ಅಷ್ಟೇ. ಅಮೆರಿಕದವರ ಹಾಗೆ ಬರೆಯುತ್ತೇನೆಂದು ಕೆಲವರು ‘ಕಂಪ್ರೈಸ್’ ಪದದಲ್ಲಿ ‘ಎಸ್’ ತೆಗೆದು ‘ಜ಼ೆಡ್’ ಹಾಕುತ್ತಾರೆ. ಉಚ್ಚಾರಣೆಯಲ್ಲಿ ಕೊನೆಯ ಸದ್ದು ‘ಜ಼’ ಎಂದೇ ಕೇಳಿದರೂ ಬರೆಯುವಾಗ ಬ್ರಿಟನ್, ಅಮೆರಿಕ ಎರಡೂ ದೇಶಗಳಲ್ಲಿ ‘ಎಸ್’.

ಇಂಗ್ಲಿಷ್ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗ ನಿಮ್ಮ ಮುಂದೆ ಕೂತಿರುವಾಗ, ಅವನಿಗೆ ವ್ಯಾಕರಣ ಗೊತ್ತಿಲ್ಲ ಎಂದುಕೊಳ್ಳಬೇಡಿ. ಏಳು ವಿಭಕ್ತಿ ಅವನ ನಾಲಿಗೆಯ ಮೇಲಿವೆ. ‘ಅನ್ನು’ ಎಲ್ಲಿ, ‘ಇಂದ’ ಎಲ್ಲಿ, ‘ಅಲ್ಲಿ’ ಎಲ್ಲಿ ಎಂದು ಅವನು ಒಂದು ಸಲವೂ ತಪ್ಪುವುದಿಲ್ಲ. ಮಾತಾಡುತ್ತಾ ಮಾತಾಡುತ್ತಾ ತಾಯಿಯಿಂದ ಕಲಿತದ್ದು ಅದು. ನಾನು ಆ ಆಸ್ತಿಯನ್ನು ಮುಟ್ಟದೆ, ಅದು ಇದೆಯೆಂದೂ ಎಣಿಸದೆ ಮೂವತ್ತು ವರ್ಷ ಪಾಠ ಮಾಡಿದೆ. ನೀವು ಹಾಗೆ ಮಾಡಬೇಡಿ. ‘ಕಂಪ್ರೈಸ್’ ಪಾಠಕ್ಕೆ ಬಂದ ದಿನ ಹಲಗೆಯ ಮೇಲೆ ಮೊದಲು ‘ಸದಸ್ಯರನ್ನೊಳಗೊಂಡ’ ಎಂದು ಬರೆಯಿರಿ, ಪಕ್ಕದಲ್ಲಿ ‘ಸದಸ್ಯರಿಂದ ಕೂಡಿದ’ ಎಂದು ಬರೆಯಿರಿ, ಕೆಳಗೆ ‘ಸದಸ್ಯರಿಂದ ಒಳಗೊಂಡ’ ಎಂದು ಬರೆದು ಮಕ್ಕಳನ್ನೇ ಕೇಳಿ. ತಪ್ಪು ಯಾವುದೆಂದು ಅವರೇ ಹೇಳುತ್ತಾರೆ.

ಆ ಪತ್ರದ ಕಥೆ ಏನಾಯಿತು ಎಂದು ನೀವು ಕೇಳುತ್ತೀರಿ. ಮರುದಿನ ಮಧ್ಯಾಹ್ನ ಅವನೇ ಫೋನು ಮಾಡಿ ಹೇಳಿದ. ಕನ್ನಡದ ಆದೇಶವನ್ನು ಸಾಹೇಬರ ಮೇಜಿನ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಇಟ್ಟನಂತೆ. ಅವರು ಎರಡನ್ನೂ ಓದಿ, ‘ಅನ್ನು’ ಇರುವ ಜಾಗಕ್ಕೆ ಬೆರಳಿಟ್ಟು, ತಾವೇ ಬರೆದ ‘ಆಫ್’ ಅನ್ನು ತಾವೇ ಹೊಡೆದು ಸಹಿ ಹಾಕಿದರಂತೆ. ಅವತ್ತಿನ ಟಪಾಲಿನಲ್ಲೇ ಪತ್ರ ದೆಹಲಿಗೆ ಹೋಯಿತು.